ಕೇಳೋ ಮೊದಲೇ ಕೊಟ್ಟ ಉತ್ತರ

ಕಂಪ್ಯೂಟರಿಗೆ ಹೊಸದಾಗಿ ಆಪರೇಟಿಂಗ್ ಸಿಸ್ಟಮ್ ಹಾಕುವಾಗ ಅದು ಕೇಳುವ ಮೊಟ್ಟಮೊದಲ ಪ್ರಶ್ನೆ ಯಾವುದು, ನೆನಪಿದೆಯಾ? ಡಿಸ್ಕನ್ನು ಎಷ್ಟು ಭಾಗ ಮಾಡಲಿ ಅಂತಲ್ಲ. ಪಾಸ್‌ವರ್ಡ್ ಏನಿಡಲಿ ಅಂತಲೂ ಅಲ್ಲ. 'ಯಾವ ಭಾಷೆ?' ಅಂತ. ವಿಂಡೋಸ್ ಇರಲಿ, ಡೆಬಿಯನ್ ಇರಲಿ, ಫೆಡೋರಾ ಇರಲಿ, ಎಲ್ಲ ಇನ್‌ಸ್ಟಾಲರ್‌ಗಳೂ ಇದನ್ನೇ ಮೊದಲು ಕೇಳುತ್ತವೆ. ಕೇಳಲೇಬೇಕು. ಯಾಕಂದರೆ ಮುಂದಿನ ಪ್ರಶ್ನೆಗಳನ್ನು ಯಾವ ಭಾಷೆಯಲ್ಲಿ ಕೇಳೋದು ಅನ್ನೋದು ಅದಕ್ಕೆ ಗೊತ್ತಾಗಬೇಕಲ್ಲ.

ಆದರೆ ಹುಬ್ಬಳ್ಳಿ-ಧಾರವಾಡದಲ್ಲಿ ದಿನಾ ಕಂಪ್ಯೂಟರ್ ಮುಂದೆ ಕೂರುವ ಬಹಳಷ್ಟು ಮಂದಿ ಈ ಪ್ರಶ್ನೆಯನ್ನು ನೋಡೇ ಇಲ್ಲ. ಕಾಲೇಜಿನ ಲ್ಯಾಬ್ ಇರಲಿ, ಆಫೀಸಿನ ಫ್ಲೋರ್ ಇರಲಿ, ನಾವು ಹೋಗಿ ಕೂರುವ ಹೊತ್ತಿಗೆ ಮಷಿನ್ ತಯಾರಾಗಿ ನಿಂತಿರುತ್ತದೆ. ಪ್ರಶ್ನೆ ಯಾವಾಗಲೋ ಬಂದು ಹೋಗಿದೆ. ಉತ್ತರವನ್ನು ನಮ್ಮ ಪರವಾಗಿ ಒಂದು ಫೈಲು ಕೊಟ್ಟಿದೆ. ಯಾರೂ ಎದುರಿಗೆ ಕೂರದೆ, ಕೀಬೋರ್ಡ್ ಮುಟ್ಟದೆ ನಡೆಯುವ ಈ ಕೆಲಸಕ್ಕೆ ಅನ್‌ಅಟೆಂಡೆಡ್ ಇನ್‌ಸ್ಟಾಲೇಶನ್ ಅಂತ ಹೆಸರು. ಉತ್ತರ ಕೊಡುವ ಫೈಲಿಗೆ ವಿಂಡೋಸ್‌ನವರು ನೇರವಾಗಿ ಆನ್ಸರ್ ಫೈಲ್ ಅಂತಲೇ ಕರೆಯುತ್ತಾರೆ. ರೆಡ್‌ಹ್ಯಾಟ್ ಬಳಗದಲ್ಲಿ ಅದು ಕಿಕ್‌ಸ್ಟಾರ್ಟ್, ಡೆಬಿಯನ್‌ನಲ್ಲಿ ಪ್ರೀಸೀಡ್.

ಧಾರವಾಡದಾಗ ಒಂದು ಕಲ್ಲು ಒಗದರ ಅದು ಯಾರಾದರೂ ಕವಿ ಮನಿ ಮ್ಯಾಲೆ ಬೀಳತೈತಿ ಅನ್ನೋ ಮಾತು ನೀವು ಕೇಳಿರ್ತೀರಿ. ಈಗ ಒಗೆದರೆ ಅರ್ಧ ಕಲ್ಲು ಸಾಫ್ಟ್‌ವೇರ್ ಎಂಜಿನಿಯರ್ ಮನೆ ಮೇಲೆ ಬೀಳುತ್ತವೆ. ಆದರೂ ಕವಿತೆಗೆ ಬರುವಷ್ಟು ವಿಮರ್ಶೆ ಇಂಥ ಫೈಲುಗಳಿಗೆ ಬರೋದಿಲ್ಲ. ಒಬ್ಬರು ಬರೆದದ್ದನ್ನು ಹತ್ತು ಜನ ಕಾಪಿ ಮಾಡುತ್ತಾರೆ, ಹತ್ತರಿಂದ ನೂರು ಆಗುತ್ತದೆ. ಯಾರೂ ಓದೋದಿಲ್ಲ. ಓದುವ ಯೋಗ್ಯತೆ ಅದಕ್ಕಿದೆ ಅನ್ನೋದು ನನ್ನ ವಾದ. ಹಾಗಾಗಿ ಈ ಮೂರು ಫೈಲುಗಳನ್ನು ಮೂರು ಪುಸ್ತಕ ಇಟ್ಟುಕೊಂಡಂತೆ ಮುಂದಿಟ್ಟುಕೊಂಡು ಓದೋಣ.

ಒಂದು ಲ್ಯಾಬ್ ಊಹಿಸಿಕೊಳ್ಳಿ. 60 ಮಷಿನ್. ಒಂದೊಂದಕ್ಕೆ 40 ನಿಮಿಷ ಹಿಡಿದರೂ ಕೈಯಿಂದ ಹಾಕಲು 40 ತಾಸು ಬೇಕು. ಅಂದರೆ ಒಬ್ಬ ಲ್ಯಾಬ್ ಅಸಿಸ್ಟೆಂಟಿನ ಒಂದು ವಾರ. ಸೆಮಿಸ್ಟರ್ ಶುರುವಾಗುವ ಮುಂಚಿನ ಆ ಒಂದು ವಾರ ಅವನಿಗೆ ಯಾರೂ ಕೊಡೋದಿಲ್ಲ. ಅದಕ್ಕೇ ನೆಟ್‌ವರ್ಕ್‌ನಿಂದ ಬೂಟ್ ಮಾಡಿಸಿ, ಉತ್ತರಗಳ ಫೈಲನ್ನು ಸರ್ವರ್‌ನಲ್ಲಿಟ್ಟು, 'ನೀ ಹಾಕ್ಕೋತ ಹೋಗು, ನಾ ಚಾ ಕುಡದ ಬರ್ತೀನಿ' ಅಂತ ಹೇಳಿ ಹೋಗೋದು. ಇದರಲ್ಲಿ ತಪ್ಪೇನೂ ಇಲ್ಲ. ಕಂಪ್ಯೂಟರ್ ಇರೋದೇ ಇಂಥ ಕೆಲಸಕ್ಕೆ.

ತೊಡಕು ಬರೋದು ಮಷಿನ್‌ಗಳು ಒಂದೇ ಜಾತಿಯವು ಅಲ್ಲದಿದ್ದಾಗ. ನಮ್ಮ ಲ್ಯಾಬ್‌ಗಳು ಒಂದೇ ವರ್ಷ, ಒಂದೇ ಟೆಂಡರ್‌ನಲ್ಲಿ ತುಂಬಿದವಲ್ಲ. ಮೂಲೆಯಲ್ಲಿ ಹಳೇ 32-ಬಿಟ್ ಮಷಿನ್ ಇರುತ್ತದೆ. ನಡುವೆ 64-ಬಿಟ್ ಇಂಟೆಲ್, ಎಎಮ್‌ಡಿ. ಎಂಬೆಡೆಡ್ ಲ್ಯಾಬಿನ ಟೇಬಲ್ ಮೇಲೆ ಆರ್ಮ್ ಪ್ರೊಸೆಸರಿನ ರಾಸ್‌ಬೆರಿ ಪೈ. ಈಗೀಗ ಪಕ್ಕದಲ್ಲಿ ರಿಸ್ಕ್-ಫೈವ್ ಬೋರ್ಡ್ ಕೂಡ, ಯಾಕಂದರೆ ಮದ್ರಾಸ್ ಐಐಟಿಯ ಶಕ್ತಿ, ತಿರುವನಂತಪುರದ ಸಿ-ಡ್ಯಾಕ್‌ನ ವೇಗಾ ಪ್ರೊಸೆಸರ್‌ಗಳು ಅದೇ ದಾರಿಯವು, ಮತ್ತು 2022ರಲ್ಲಿ ಕೇಂದ್ರ ಸರ್ಕಾರ ಇದಕ್ಕಾಗಿಯೇ ಡಿಜಿಟಲ್ ಇಂಡಿಯಾ ರಿಸ್ಕ್-ಫೈವ್ ಕಾರ್ಯಕ್ರಮ ಶುರು ಮಾಡಿತು. ಪ್ರೊಸೆಸರ್ ಆರ್ಕಿಟೆಕ್ಚರ್ ಅಂದರೆ ಸರಳವಾಗಿ ಹೇಳೋದಾದರೆ ಆ ಚಿಪ್ಪಿನ ಮಾತೃಭಾಷೆ. ಇಂಟೆಲ್‌ಗೆ ಬರೆದ ಕರ್ನಲ್ಲನ್ನು ಆರ್ಮ್ ಚಿಪ್ಪಿಗೆ ಕೊಟ್ಟರೆ ಅದಕ್ಕೆ ಒಂದು ಅಕ್ಷರವೂ ತಿಳಿಯೋದಿಲ್ಲ.

ಇಲ್ಲಿ ನೋಡ್ರಿ ಮಜಾ. ನೆಟ್‌ವರ್ಕ್‌ನಿಂದ ಬೂಟ್ ಆಗುವ ಮಷಿನ್ ಮೊದಲು ಡಿಎಚ್‌ಸಿಪಿ ಸರ್ವರ್‌ಗೆ 'ನನಗೊಂದು ವಿಳಾಸ ಕೊಡ್ರಿ' ಅಂತ ಕೂಗುತ್ತದೆ. ಆ ಕೂಗಿನಲ್ಲೇ 93ನೇ ನಂಬರಿನ ಒಂದು ಖಾನೆ ಇದೆ. ಅದರಲ್ಲಿ ಮಷಿನ್ ತನ್ನ ಮಾತೃಭಾಷೆಯನ್ನು ತಾನೇ ಹೇಳಿಕೊಳ್ಳುತ್ತದೆ. ಹಳೇ ಬಯಾಸ್ ಮಷಿನ್ 0 ಅನ್ನುತ್ತದೆ. 64-ಬಿಟ್ ಯುಇಎಫ್‌ಐ ಮಷಿನ್ 7. 64-ಬಿಟ್ ಆರ್ಮ್ 11. 64-ಬಿಟ್ ರಿಸ್ಕ್-ಫೈವ್ 27. ಸರ್ವರ್ ಆ ನಂಬರ್ ನೋಡಿ ಅವರವರಿಗೆ ತಿಳಿಯುವ ಬೂಟ್‌ಲೋಡರ್ ಕಳಿಸುತ್ತದೆ. (ರಾಸ್‌ಬೆರಿ ಪೈ ಮಾತ್ರ ಯುಇಎಫ್‌ಐ ಗೊಡವೆಗೆ ಹೋಗದೆ ತನ್ನದೇ ಫರ್ಮ್‌ವೇರ್‌ನಿಂದ ಏಳುತ್ತದೆ. ಅದರ ಸಂಸಾರ ಬೇರೆ.) 2006ರಲ್ಲಿ ಈ ಖಾನೆಯನ್ನು ವಿವರಿಸಿದ ಆರ್‌ಎಫ್‌ಸಿ 4578ರಲ್ಲಿ 7 ಮತ್ತು 9 ಅದಲುಬದಲಾಗಿದ್ದವು. ಹಾಗಾಗಿ ಇವತ್ತಿಗೂ ಅಡ್ಮಿನ್‌ಗಳು ಯಾವುದಕ್ಕೂ ಇರಲಿ ಅಂತ ಎರಡೂ ನಂಬರ್ ಬರೆದಿಡುತ್ತಾರೆ. ಒಂದೂ ಮಷಿನ್ ತಪ್ಪಿ ಹೊರಗೆ ಉಳಿಯಬಾರದು ಅನ್ನೋ ಕಾಳಜಿ.

ಮಷಿನ್ ವಿಷಯದಲ್ಲಿ ಇಷ್ಟು ಕಾಳಜಿ. ಅದರ ಮುಂದೆ ಕೂರುವ ಮನುಷ್ಯನ ಭಾಷೆಯ ವಿಷಯದಲ್ಲಿ ಎಷ್ಟಿದೆ ಅಂತ ನೋಡೋದೇ ಈ ವಿಮರ್ಶೆಯ ಉದ್ದೇಶ.

ಮೊದಲು ವಿಂಡೋಸ್. ಇದರ ಆನ್ಸರ್ ಫೈಲ್ ಎಕ್ಸ್‌ಎಮ್‌ಎಲ್‌ನಲ್ಲಿ ಬರೆದದ್ದು. ಓದಲು ತ್ರಾಸ, ಸರ್ಕಾರಿ ಅರ್ಜಿ ನಮೂನೆಯ ಹಾಗೆ. ಪ್ರತಿ ವಿಭಾಗದ ತಲೆಯ ಮೇಲೂ ಅದು ಯಾವ ಆರ್ಕಿಟೆಕ್ಚರ್‌ಗೆ ಸೇರಿದ್ದು ಅಂತ ಬರೆಯಬೇಕು. 64-ಬಿಟ್ ಇಂಟೆಲ್‌ಗೆ ಒಂದು ವಿಭಾಗ, ಅದೇ ಉತ್ತರಗಳನ್ನು ಮತ್ತೆ ಬರೆದು 32-ಬಿಟ್‌ಗೆ ಇನ್ನೊಂದು, ಆರ್ಮ್‌ಗೆ ಮತ್ತೊಂದು. ಒಂದೇ ಫೈಲಿನಲ್ಲಿ ಮೂರನ್ನೂ ಇಡಬಹುದು. ಮಷಿನ್ ತನಗೆ ಹೊಂದುವುದನ್ನು ಮಾತ್ರ ತಗೊಂಡು ಉಳಿದದ್ದನ್ನು ದಾಟಿ ಹೋಗುತ್ತದೆ. ಇದು ಒಳ್ಳೆಯ ಗುಣವೇ. ಕೆಟ್ಟ ಗುಣ ಏನಂದರೆ, ಹೊಂದುವ ವಿಭಾಗ ಇಲ್ಲದಿದ್ದರೆ ದೂರು ಹೇಳುವುದಿಲ್ಲ. ಸುಮ್ಮನೆ ಆ ಉತ್ತರ ಇಲ್ಲ ಅಂದುಕೊಂಡು ಪ್ರಶ್ನೆಯ ಪರದೆ ತೋರಿಸಿ ನಿಂತುಬಿಡುತ್ತದೆ. ರಾತ್ರಿ ಬಿಟ್ಟು ಹೋದ ಮಷಿನ್ ಬೆಳಿಗ್ಗೆ ಬಂದು ನೋಡಿದರೆ ಮೊದಲ ಪರದೆಯಲ್ಲೇ ಕೂತಿರುತ್ತದೆ. ಲ್ಯಾಬ್ ಅಸಿಸ್ಟೆಂಟ್ ಬೈದುಕೊಳ್ಳುತ್ತಾನೆ. ಪಾಪ, ಅವತ್ತು ಆ ಲ್ಯಾಬಿನಲ್ಲಿ ಮನುಷ್ಯನಿಗೆ ಭಾಷೆ ಕೇಳಿದ ಮಷಿನ್ ಅದೊಂದೇ.

ಭಾಷೆಗೆ ಅಂತ ಇದರಲ್ಲಿ ನಾಲ್ಕು ಬೇರೆ ಬೇರೆ ಸಾಲು ಇವೆ. ಪರದೆಯ ಭಾಷೆ, ಕೀಬೋರ್ಡ್, ದಿನಾಂಕ-ಅಂಕಿಗಳ ರೀತಿ, ಯೂನಿಕೋಡ್ ತಿಳಿಯದ ಹಳೇ ಪ್ರೋಗ್ರಾಮ್‌ಗಳಿಗೆ ಒಂದು ಸಾಲು. ಇದನ್ನು ಹೊಗಳಬೇಕು. ಪರದೆ ಇಂಗ್ಲಿಷ್‌ನಲ್ಲಿದ್ದರೂ ಕೀಬೋರ್ಡಿನ ಸಾಲಿನಲ್ಲಿ ಇಂಗ್ಲಿಷಿನ ಪಕ್ಕ ಒಂದು ಅರ್ಧವಿರಾಮ ಹಾಕಿ ಕನ್ನಡ ಸೇರಿಸಬಹುದು. ಖರ್ಚು: ಒಂದು ಅರ್ಧವಿರಾಮ, ಒಂದು ಪದ.

ಎರಡನೆಯದು ಕಿಕ್‌ಸ್ಟಾರ್ಟ್. ಮೂರರಲ್ಲಿ ಓದಲು ಚೆಂದ ಇದೇ. ಒಂದು ಸಾಲಿಗೆ ಒಂದು ಆಜ್ಞೆ, ಕಡ್ಡಿ ಮುರಿದಂತೆ. ಆರ್ಕಿಟೆಕ್ಚರ್ ವಿಷಯದಲ್ಲಿ ಇದರ ಬುದ್ಧಿ ನನಗೆ ಬಹಳ ಸೇರುತ್ತದೆ. ಡಿಸ್ಕ್ ಭಾಗ ಮಾಡುವಾಗ ಯುಇಎಫ್‌ಐ ಮಷಿನ್‌ಗೆ ಒಂದು ಥರದ ಬೂಟ್ ಪಾರ್ಟಿಶನ್ ಬೇಕು, ಬಯಾಸ್‌ಗೆ ಇನ್ನೊಂದು ಥರ, ಐಬಿಎಮ್‌ನ ಪವರ್ ಮಷಿನ್‌ಗೆ ಮತ್ತೊಂದು. ಕಿಕ್‌ಸ್ಟಾರ್ಟ್‌ನಲ್ಲಿ 'ರೆಕ್‌ಪಾರ್ಟ್' ಅಂತ ಒಂದೇ ಪದ ಬರೆದರೆ ಸಾಕು: ಈ ಮಷಿನ್‌ಗೆ ಏನು ಬೇಕೋ ಅದನ್ನು ಮಾಡು ಅಂತ ಅರ್ಥ. ಬರೆಯುವವನು ಎಲ್ಲ ಜಾತಿಯ ಮಷಿನ್‌ಗಳನ್ನು ಮುಂಚೆಯೇ ಊಹಿಸಬೇಕಾಗಿಲ್ಲ. ಎದುರಿಗೆ ಇರುವವರ ಅಗತ್ಯ ನೋಡಿ ನಡೆದುಕೋ ಅಂತ ಹೇಳಿ ಬಿಟ್ಟರಾಯಿತು.

ಭಾಷೆಗೂ ಇಂಥದ್ದೇ ಒಂದು ಸೌಲಭ್ಯ ಇದರಲ್ಲಿದೆ. ಭಾಷೆಯ ಸಾಲಿನ ಕೊನೆಗೆ 'ಆ್ಯಡ್ ಸಪೋರ್ಟ್' ಅಂತ ಹಾಕಿ ಕನ್ನಡ ಸೇರಿಸಿದರೆ, ಸಿಸ್ಟಮ್ ಇಂಗ್ಲಿಷ್‌ನಲ್ಲೇ ಇರುತ್ತದೆ, ಕನ್ನಡದ ಬೆಂಬಲವೂ ಬಂದು ಕೂರುತ್ತದೆ. ಬಿಸಿ ರೊಟ್ಟಿಯೋ ಕಡಕ್ ರೊಟ್ಟಿಯೋ ಅಂತ ಜಗಳ ಆಡುವ ಬದಲು ಎರಡನ್ನೂ ತಾಟಿನಲ್ಲಿ ಇಟ್ಟ ಹಾಗೆ. ತಿನ್ನುವವರು ತಮಗೆ ಬೇಕಾದ್ದು ತಿನ್ನಲಿ.

ಮೂರನೆಯದು ಡೆಬಿಯನ್‌ನ ಪ್ರೀಸೀಡ್. ಹೆಸರೇ ಬೀಜ ಬಿತ್ತುವ ಲೆಕ್ಕದ್ದು. ಮೊದಲ ಓದಿಗೆ ಇದು ಒರಟು. ಪ್ರತಿ ಸಾಲೂ ಉದ್ದ, ಪ್ರತಿ ಪ್ರಶ್ನೆಗೂ ಒಂದು ಅಧಿಕೃತ ಹೆಸರು. ಆದರೆ ಮೂರರಲ್ಲಿ ಆಳವಾದ ವಿಚಾರ ಇರೋದು ಇದರಲ್ಲೇ. ಡೆಬಿಯನ್‌ನಲ್ಲಿ ಇನ್‌ಸ್ಟಾಲರ್ ಕೇಳುವ ಪ್ರತಿ ಪ್ರಶ್ನೆಗೂ ಎರಡು ಗುಣ ಇವೆ. ಒಂದು, ಉತ್ತರ. ಇನ್ನೊಂದು, ಆ ಪ್ರಶ್ನೆಯನ್ನು ಮನುಷ್ಯರು ನೋಡಿದ್ದಾರೋ ಇಲ್ಲವೋ ಅನ್ನೋ ಗುರುತು. ಪ್ರೀಸೀಡ್ ಫೈಲ್ ಉತ್ತರ ತುಂಬುವಾಗ 'ನೋಡಿಯಾಗಿದೆ' ಅನ್ನೋ ಗುರುತನ್ನೂ ತಾನೇ ಹಾಕುತ್ತದೆ. ಅಂದರೆ ಯಾರೂ ನೋಡದ ಪ್ರಶ್ನೆಗೆ ನೋಡಿದ ಸಹಿ! ಪಂಚನಾಮೆಗೆ ಸ್ಥಳಕ್ಕೇ ಬಾರದ ಸಾಕ್ಷಿಯ ಸಹಿ ಇದ್ದ ಹಾಗೆ. ಆದರೆ ಅದೇ ಡೆಬಿಯನ್ ಇನ್ನೊಂದು ದಾರಿಯನ್ನೂ ಇಟ್ಟಿದೆ. ಉತ್ತರ ಕೊಡು, ಆದರೆ 'ನೋಡಿಲ್ಲ' ಅಂತ ಗುರುತು ಹಾಕು ಅಂತ ಇನ್ನೊಂದು ಸಾಲು ಬರೆಯಬಹುದು. ಆಗ ನಮ್ಮ ಉತ್ತರ ಬರೀ ಸಲಹೆ ಆಗುತ್ತದೆ. ಪ್ರಶ್ನೆ ಮನುಷ್ಯನ ಮುಂದೆ ಬಂದೇ ಬರುತ್ತದೆ. ಈ ಒಂದು ಸಾಲಿನ ಹಿಂದೆ ಎಷ್ಟು ಸೌಜನ್ಯ ಇದೆ ನೋಡಿ. ದುರ್ದೈವ, ಜನ ಕಾಪಿ ಮಾಡೋದು ಈ ಸಾಲನ್ನಲ್ಲ.

ಜನ ಕಾಪಿ ಮಾಡೋದು ಡೆಬಿಯನ್ ಕೈಪಿಡಿಯ ಕೊನೆಯಲ್ಲಿರುವ ಮಾದರಿ ಫೈಲನ್ನು. ಅದರಲ್ಲಿ ಭಾಷೆ ಅಮೆರಿಕದ ಇಂಗ್ಲಿಷ್. ಕೀಬೋರ್ಡ್ ಅಮೆರಿಕದ್ದು. ಟೈಮ್‌ಜೋನ್ ಅಮೆರಿಕದ ಪೂರ್ವ ಕರಾವಳಿಯದ್ದು. ಮಾದರಿ ಅಂದಮೇಲೆ ಏನೋ ಒಂದು ಇರಲೇಬೇಕು, ಅವರನ್ನು ದೂರುವ ಹಾಗಿಲ್ಲ. ನಮ್ಮ ಕಡೆ ಕಾಪಿ ಮಾಡುವವರು ಈ ಮೂರರಲ್ಲಿ ಯಾವುದನ್ನು ಬದಲಾಯಿಸುತ್ತಾರೆ? ಟೈಮ್‌ಜೋನ್. ಏಷ್ಯಾ, ಕೋಲ್ಕತ್ತಾ ಅಂತ ತಪ್ಪದೆ ಹಾಕುತ್ತಾರೆ. ಹಾಕದಿದ್ದರೆ ಗಡಿಯಾರ ಒಂಬತ್ತೂವರೆ ಇಲ್ಲಾ ಹತ್ತೂವರೆ ತಾಸು ಹಿಂದೆ ಓಡುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಭಾಷೆ ತಪ್ಪಿದ್ದು ಯಾರಿಗೂ ಗೊತ್ತಾಗೋದಿಲ್ಲ, ಹಾಗಾಗಿ ಅದು ಹಾಗೇ ಉಳಿಯುತ್ತದೆ.

ಗೊತ್ತಾಗೋದಿಲ್ಲ ಅಂದೆ. ಗೊತ್ತಾಗುತ್ತದೆ, ಆದರೆ ಬೇರೆ ವೇಷದಲ್ಲಿ. ಅಮೆರಿಕದ ಲೊಕೇಲ್ ಇದ್ದರೆ ಪ್ರಿಂಟಿನ ಕಾಗದದ ಅಳತೆ ಲೆಟರ್ ಆಗಿರುತ್ತದೆ. ಹುಬ್ಬಳ್ಳಿಯ ಯಾವ ಜೆರಾಕ್ಸ್ ಅಂಗಡಿಯಲ್ಲೂ ಸಿಗೋದು ಎ4. ದಿನಾಂಕ ತಿಂಗಳು ಮೊದಲು, ದಿನ ಆಮೇಲೆ. 03/04 ಅಂದರೆ ಏಪ್ರಿಲ್ 3 ಅಂತ ನೀವು ತಿಳಿದಿರಿ, ಮಷಿನ್ ಮಾರ್ಚ್ 4 ಅಂತ ತಿಳಿದಿದೆ. ಲಕ್ಷ, ಕೋಟಿಯ ಅಲ್ಪವಿರಾಮ 12,34,567 ಅಂತ ಬೀಳಬೇಕಾದಲ್ಲಿ 1,234,567 ಅಂತ ಬೀಳುತ್ತದೆ. ಡೆಬಿಯನ್‌ನಲ್ಲಿ ಕನ್ನಡ ಡೆಸ್ಕ್‌ಟಾಪಿಗೆ ಬೇಕಾದ ಫಾಂಟ್, ಅನುವಾದಗಳ ಒಂದು ಗಂಟು ಇದೆ. ಲೊಕೇಲ್ ಕನ್ನಡವಾಗಿದ್ದರೆ ಇನ್‌ಸ್ಟಾಲರ್ ಅದನ್ನು ತಾನೇ ಎಳೆದುಕೊಂಡು ಬರುತ್ತದೆ. ಅಮೆರಿಕದ ಇಂಗ್ಲಿಷ್ ಅಂತ ಉತ್ತರ ಕೊಟ್ಟರೆ ಆ ಗಂಟು ತಾನಾಗಿ ಬರೋದಿಲ್ಲ. ಆಮೇಲೆ ಆಫೀಸಿನವರು 'ಲಿನಕ್ಸಿನ್ಯಾಗ ಕನ್ನಡ ಸರಿ ಬರೂದಿಲ್ಲರೀ' ಅಂತ ತೀರ್ಪು ಕೊಡುತ್ತಾರೆ. ಬರುತ್ತಿತ್ತು. ಕರೆಯಲಿಲ್ಲ, ಅಷ್ಟೇ.

ಪ್ರೀಸೀಡ್‌ನಲ್ಲಿ ಇನ್ನೊಂದು ವಿಚಿತ್ರ ಇದೆ. ನೆಟ್‌ವರ್ಕ್ ಮೇಲಿಂದ ಫೈಲು ತರಬೇಕಾದರೆ ಮೊದಲು ನೆಟ್‌ವರ್ಕ್ ಏಳಬೇಕು. ಆದರೆ ಭಾಷೆಯ ಪ್ರಶ್ನೆ ನೆಟ್‌ವರ್ಕಿಗಿಂತ ಮುಂಚೆ ಬರುತ್ತದೆ. ಅಂದರೆ ಸಹಜವಾಗಿ ಬಿಟ್ಟರೆ ಡೆಬಿಯನ್ ಮೊದಲು ಭಾಷೆ, ಕೀಬೋರ್ಡ್ ಕೇಳಿ, ಆಮೇಲೆ ಫೈಲು ತಂದು ಉಳಿದದ್ದನ್ನೆಲ್ಲ ತಾನೇ ಮಾಡುತ್ತದೆ. ಈ ಪ್ರಶ್ನೆಯನ್ನೂ ಸುಮ್ಮನಾಗಿಸಬೇಕು ಅಂದರೆ ಬೂಟ್ ಸಾಲಿನಲ್ಲೇ ಉತ್ತರ ಬರೆಯಬೇಕು, ಇಲ್ಲಾ 'ಆಟೋ' ಅನ್ನೋ ವಿಶೇಷ ಪದ ಕೊಟ್ಟು ಪ್ರಶ್ನೆಯನ್ನು ಹಿಂದಕ್ಕೆ ತಳ್ಳಬೇಕು. ಅಂದರೆ ಪೂರ್ತಿ ಸ್ವಯಂಚಾಲಿತ ಮಾಡಲು ಹೊರಟವರಿಗೆ ಕಡೆಯವರೆಗೂ ಅಡ್ಡ ನಿಂತದ್ದು ಇದೊಂದೇ ಪ್ರಶ್ನೆ. ಅದನ್ನು ದಾಟಲು ಪ್ರತ್ಯೇಕ ಸೇತುವೆ ಕಟ್ಟಬೇಕಾಯಿತು.

ಈಗ ಆರ್ಕಿಟೆಕ್ಚರ್ ಮತ್ತು ಕನ್ನಡ ಎರಡೂ ಒಂದೇ ಗಂಟಿನಲ್ಲಿ ಸಿಕ್ಕಿಬೀಳುವ ಜಾಗಕ್ಕೆ ಬರೋಣ. 2011ರ ಫೆಬ್ರುವರಿಯಲ್ಲಿ ಬಂದ ಡೆಬಿಯನ್ 6ರಲ್ಲಿ ಇನ್‌ಸ್ಟಾಲರ್‌ಗೆ ಕನ್ನಡ ಸೇರಿತು, ಜೊತೆಗೆ ತೆಲುಗು, ಸಿಂಹಳ, ಲಾವೋ. ಸ್ವಯಂಸೇವಕರು ಪುಕ್ಕಟೆ ಮಾಡಿದ ಕೆಲಸ, ಅವರಿಗೆ ಶರಣು. ಆದರೆ ಕನ್ನಡ ಸೇರಿದ್ದು ಚಿತ್ರಾತ್ಮಕ ಇನ್‌ಸ್ಟಾಲರ್‌ಗೆ ಮಾತ್ರ. ಕಪ್ಪು ಪರದೆಯ ಟೆಕ್ಸ್ಟ್ ಇನ್‌ಸ್ಟಾಲರ್‌ನಲ್ಲಿ ಕನ್ನಡ ಇಲ್ಲ, ಯಾಕಂದರೆ ಆ ಪರದೆಗೆ ಒತ್ತಕ್ಷರ, ಗುಣಿತ ಕೂಡಿಸಿ ಬರೆಯಲು ಬರೋದಿಲ್ಲ. ಒಂದು ಮನೆಗೆ ಒಂದು ಅಕ್ಷರ ಅನ್ನೋದು ಅದರ ಲೆಕ್ಕ. ನಮ್ಮ 'ಸ್ತ್ರೀ' ಅದರ ಮನೆಯಲ್ಲಿ ಹಿಡಿಯೋದಿಲ್ಲ.

ಚಿತ್ರಾತ್ಮಕ ಇನ್‌ಸ್ಟಾಲರ್ ಎಲ್ಲ ಆರ್ಕಿಟೆಕ್ಚರ್‌ಗೂ ಇದೆಯಾ? ಇಲ್ಲ. ಐಬಿಎಮ್‌ನ ದೊಡ್ಡ ಮೇನ್‌ಫ್ರೇಮ್‌ಗಳಿಗೆ ಪರದೆಯೇ ಇರೋದಿಲ್ಲ, ದೂರದಿಂದ ಟರ್ಮಿನಲ್ ಮೂಲಕ ಮಾತಾಡಬೇಕು. ಎಷ್ಟೋ ಆರ್ಮ್ ಬೋರ್ಡ್‌ಗಳಿಗೂ ಸೀರಿಯಲ್ ಕೇಬಲ್ಲೇ ಗತಿ. ಹೀಗಾಗಿ ಇನ್‌ಸ್ಟಾಲರ್‌ನ ಮಟ್ಟಿಗೆ ಕನ್ನಡಕ್ಕೆ ಒಂದು ಹಾರ್ಡ್‌ವೇರ್ ಅರ್ಹತೆ ಇದೆ. ಇಂಗ್ಲಿಷ್‌ಗೆ ಇಲ್ಲ. ಆದರೆ ಇಲ್ಲಿಯೇ ಅನ್‌ಅಟೆಂಡೆಡ್ ಇನ್‌ಸ್ಟಾಲೇಶನ್ ಉಪಕಾರಕ್ಕೆ ಬರಬಹುದಿತ್ತು! ಕಪ್ಪು ಪರದೆ ಕನ್ನಡ ತೋರಿಸದಿದ್ದರೇನಂತೆ, ಅದಕ್ಕೆ ಯಾರ ಜೊತೆಗೂ ಮಾತಾಡುವ ಕೆಲಸವೇ ಇಲ್ಲವಲ್ಲ. 'ಜೊತೆಗೆ ಬೇಕಾದ ಲೊಕೇಲ್‌ಗಳು' ಅನ್ನೋ ಸಾಲಿನಲ್ಲಿ ಕನ್ನಡ ಬರೆದರೆ, ಇನ್‌ಸ್ಟಾಲರ್ ಯಾವ ಪರದೆಯಲ್ಲಿ ಓಡಿದರೂ, ಯಾವ ಚಿಪ್ಪಿನ ಮೇಲೆ ಓಡಿದರೂ ಸಿಸ್ಟಮ್‌ನಲ್ಲಿ ಕನ್ನಡ ಸಿದ್ಧವಾಗುತ್ತದೆ. ಯಾವ ಸಲಕರಣೆ ಪ್ರಶ್ನೆಯನ್ನು ಅಳಿಸುತ್ತದೋ ಅದೇ ಸಲಕರಣೆ ಉತ್ತರವನ್ನು ಹಿಗ್ಗಿಸಲೂ ಬಲ್ಲದು. ನಾವು ಬಳಸೋದು ಮೊದಲನೆಯದಕ್ಕೆ ಮಾತ್ರ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಮತ್ತು ಅದು ಹಗುರವಾದದ್ದಲ್ಲ. 'ಏನ್ರೀ ಸರ, ಲ್ಯಾಬಿನ್ಯಾಗ ಕನ್ನಡ ಯಾರಿಗೆ ಬೇಕಾಗೇದ? ಪರೀಕ್ಷಾ ಇಂಗ್ಲಿಷಿನ್ಯಾಗ, ವೈವಾ ಇಂಗ್ಲಿಷಿನ್ಯಾಗ, ಎರರ್ ಬಂದ್ರ ಹುಡುಕೂದೂ ಇಂಗ್ಲಿಷಿನ್ಯಾಗ.' ಸರಿಯಾದ ಮಾತು. ಎರರ್ ಸಂದೇಶ ಕನ್ನಡದಲ್ಲಿ ಬಂದರೆ ಅದಕ್ಕೆ ಪರಿಹಾರ ಹುಡುಕೋದು ಕಷ್ಟ. ನಮ್ಮ ಅನುವಾದಗಳದ್ದೂ ಪಾಲಿದೆ: ಫೈಲ್, ಫೋಲ್ಡರ್, ಪಾರ್ಟಿಶನ್ ಅಂತ ಎಲ್ಲರೂ ಆಡುವ ಮಾತಿಗೆ ನಿಘಂಟಿನಿಂದ ಒಂದು ಪದ ತಂದು ಕೂರಿಸಿದರೆ, ಕನ್ನಡ ಬಲ್ಲವನೂ ಎರಡು ನಿಮಿಷದಲ್ಲಿ ಇಂಗ್ಲಿಷಿಗೆ ವಾಪಸ್ ಹೋಗುತ್ತಾನೆ. ಅವನನ್ನು ಬೈದು ಪ್ರಯೋಜನ ಇಲ್ಲ.

ಆದರೆ ನಾನು ಕೇಳುತ್ತಿರುವುದು ಪರದೆ ಪೂರ್ತಿ ಕನ್ನಡ ಆಗಲಿ ಅಂತಲ್ಲ. ಪರದೆ ಒಂದು, ಕೀಬೋರ್ಡ್ ಇನ್ನೊಂದು, ಫಾಂಟ್ ಮತ್ತೊಂದು, ದಿನಾಂಕ-ಅಂಕಿ ಮಗದೊಂದು. ಇವು ಬೇರೆ ಬೇರೆ ಉತ್ತರಗಳು ಅಂತ ಮೂರೂ ಫೈಲುಗಳಿಗೆ ಗೊತ್ತಿದೆ, ಅದಕ್ಕೇ ಬೇರೆ ಬೇರೆ ಸಾಲು ಇಟ್ಟಿವೆ. ಒಂದೇ ಪ್ರಶ್ನೆ ಅಂತ ತಿಳಿದು ಒಂದೇ ಉತ್ತರ ಕೊಟ್ಟವರು ನಾವು. ಅದೇ ಲ್ಯಾಬಿಗೆ ಬಿಎ ಕನ್ನಡದ ಹುಡುಗಿ ಬಂದು ತನ್ನ ಪ್ರಬಂಧ ಟೈಪ್ ಮಾಡಬೇಕು. ಆಫೀಸಿನ ಗುಮಾಸ್ತರು ಇಲಾಖೆಗೆ ಕನ್ನಡದಲ್ಲಿ ಪತ್ರ ಬರೆಯಬೇಕು. ನುಡಿಯಿಂದ ಕೈಗೆ ಕೂತಿರುವ ಕಗಪ ಕೀಲಿವಿನ್ಯಾಸ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೂ ಇದೆ, ಅದೇ ಹೆಸರಿನಲ್ಲಿ. ಇನ್‌ಸ್ಟಾಲೇಶನ್ ಮುಗಿಯುವ ಮುನ್ನ ಓಡುವ ಒಂದು ಆಜ್ಞೆಯಲ್ಲಿ ಅದನ್ನು ಎರಡನೇ ಕೀಬೋರ್ಡ್ ಆಗಿ ಬರೆದಿಟ್ಟರೆ 60 ಮಷಿನ್‌ನಲ್ಲೂ ಬರುತ್ತದೆ. ಬರೆಯದಿದ್ದರೆ ಆ ಹುಡುಗಿ ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಫಾಂಟ್ ಪ್ಯಾಕೇಜ್ ಹಾಕಿಸಲಾರಳು, ಲೊಕೇಲ್ ಸೇರಿಸಲಾರಳು. ಫೋನಿನಲ್ಲಿ ಟೈಪ್ ಮಾಡಿ ತನಗೇ ಮೇಲ್ ಕಳಿಸಿಕೊಳ್ಳುತ್ತಾಳೆ. ಅವಳ ಕಿಸೆಯಲ್ಲಿರುವ ಆರ್ಮ್ ಪ್ರೊಸೆಸರ್‌ಗೆ ಬರುವ ಕನ್ನಡ ಮೇಜಿನ ಮೇಲಿನ ಇಂಟೆಲ್‌ಗೆ ಬರೋದಿಲ್ಲ ಅನ್ನೋ ಹಾಗೆ ಕಾಣುತ್ತದೆ. ಚಿಪ್ಪಿನ ತಪ್ಪಲ್ಲ ಅದು.

ಇದು ಆಗದ ಕೆಲಸ ಅನ್ನುವವರು ಪಕ್ಕದ ಕೇರಳ ನೋಡಬೇಕು. 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ ಈಗ ಕೈಟ್ ಅನ್ನೋ ಸಂಸ್ಥೆ. ಅವರು ಶಾಲೆಗಳಿಗೆಂದೇ ಉಬುಂಟು ಆಧಾರದ ಒಂದು ಲಿನಕ್ಸ್ ಸಿದ್ಧಮಾಡಿ ಹಂಚುತ್ತಾರೆ. ಅದರಲ್ಲಿ ಭಾಷೆ, ಫಾಂಟ್, ಪಾಠಕ್ಕೆ ಬೇಕಾದ ತಂತ್ರಾಂಶ ಮುಂಚೆಯೇ ಕೂತಿರುತ್ತವೆ. ಅಲ್ಲೂ ಮಗುವಿಗೆ ಯಾರೂ ಪ್ರಶ್ನೆ ಕೇಳಿಲ್ಲ. ಆದರೆ ಉತ್ತರ ಬರೆದವರು ಮಗುವಿನ ಪಾಠ ಯಾವ ಭಾಷೆಯಲ್ಲಿದೆ ಅಂತ ತಿಳಿದು ಬರೆದಿದ್ದಾರೆ. ಕೇಳದೆ ಕೊಡುವ ಉತ್ತರ ಹೀಗಿದ್ದರೆ ಜಗಳ ಇಲ್ಲ.

ಧಾರವಾಡಕ್ಕೆ ಇದು ಹೊಸ ತಕರಾರಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬೈ ಪ್ರಾಂತದ ಭಾಗವಾಗಿದ್ದ ಈ ಸೀಮೆಯಲ್ಲಿ ಶಾಲೆಯ ಭಾಷೆ ಮರಾಠಿ ಅನ್ನೋದು ಬಹುಮಟ್ಟಿಗೆ ಡಿಫಾಲ್ಟ್ ಆಗಿತ್ತು. ಮಕ್ಕಳು ಮನೆಯಲ್ಲಿ ಏನು ಮಾತಾಡುತ್ತಾರೆ ಅಂತ ಯಾರೂ ಕೇಳಿರಲಿಲ್ಲ. ಡೆಪ್ಯುಟಿ ಚೆನ್ನಬಸಪ್ಪನವರು ಶಿಕ್ಷಣ ಇಲಾಖೆಯ ಒಳಗೇ ಇದ್ದುಕೊಂಡು ಆ ಉತ್ತರವನ್ನು ಬದಲಾಯಿಸಿದರು, ಕನ್ನಡ ಶಾಲೆಗಳನ್ನು ಬೆಳೆಸಿದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದೂ ಇದೇ ನೆಲದಲ್ಲಿ. ಈಗಿನ ಮಾತೇ ಹೇಳೋದಾದರೆ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸಿಗೆ ಜಿಂಕೆ ಅಂತಲೋ ಡಿಯರ್ ಅಂತಲೋ ಹೆಸರಿಡಬಹುದಿತ್ತು. ಯಾರೋ ಆ ಖಾನೆಯಲ್ಲಿ 'ಚಿಗರಿ' ಅಂತ ನಮ್ಮ ಬಾಯಿಮಾತನ್ನೇ ಬರೆದರು. ಖಾನೆ ತುಂಬುವವರು ಒಂದು ನಿಮಿಷ ಯೋಚನೆ ಮಾಡಿದ್ದರ ಗುರುತು ಅದು.

ಆ ಯೋಚನೆ ಮಷಿನ್‌ಗಳ ವಿಷಯದಲ್ಲೂ ಬೇಕು. ವಿಂಡೋಸ್ 11 64-ಬಿಟ್‌ಗೆ ಮಾತ್ರ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ರಿಸ್ಕ್-ಫೈವ್‌ಗೆ ಮೊದಲ ಬಾರಿ ಅಧಿಕೃತ ಜಾಗ ಸಿಕ್ಕಿತು, 32-ಬಿಟ್ ಇಂಟೆಲ್‌ನ ಇನ್‌ಸ್ಟಾಲರ್ ನಿಂತುಹೋಯಿತು. ಹೊಸಬರು ಬಂದರು, ಹಳಬರು ಎದ್ದರು. ಲೋಕದ ನಿಯಮ, ಇರಲಿ. ಆದರೆ ಮೂಲೆಯ ಆ ಹಳೇ ಮಷಿನ್‌ಗೆ ನಿಮ್ಮ ಫೈಲಿನಲ್ಲಿ ಒಂದು ಸಾಲು ಇಲ್ಲದಿದ್ದರೆ ಅದು ಸುಮ್ಮನೆ ಕಪ್ಪು ಪರದೆ ತೋರಿಸುತ್ತದೆ, ನೋಡಿದವರು ಕೆಟ್ಟಿದೆ ಅಂದುಕೊಂಡು ಗುಜರಿಗೆ ಕಳಿಸುತ್ತಾರೆ. ಡೆಬಿಯನ್ 12ರ ಇನ್‌ಸ್ಟಾಲರ್ ಅದಕ್ಕೂ ಇದೆ. ಬಯಾಸ್ ಮಷಿನ್‌ಗಳಲ್ಲಿ 32-ಬಿಟ್, 64-ಬಿಟ್ ಎರಡೂ 0 ಅಂತಲೇ ಕೂಗುತ್ತವೆ, ಹಾಗಾಗಿ ಬೂಟ್ ಮೆನುವಿನಲ್ಲಿ ಅದಕ್ಕೊಂದು ಪ್ರತ್ಯೇಕ ಸಾಲು ಇಡಬೇಕು. ಟೈಪಿಂಗ್ ಕಲಿಯೋದಕ್ಕೆ ಅದು ಇನ್ನೂ ಸಾಕು.

ಹಾಗಾದರೆ ತೀರ್ಪು? ಬರವಣಿಗೆಗೆ ಕಿಕ್‌ಸ್ಟಾರ್ಟ್, ವಿಚಾರಕ್ಕೆ ಪ್ರೀಸೀಡ್, ಶಿಸ್ತಿಗೆ ವಿಂಡೋಸ್. ಮೂರೂ ಮಷಿನ್‌ನ ಮಾತೃಭಾಷೆಯನ್ನು ಕೇಳಿ ತಿಳಿದುಕೊಳ್ಳುತ್ತವೆ. ಮೂರೂ ಮನುಷ್ಯನ ಭಾಷೆಗೆ ಜಾಗ ಇಟ್ಟಿವೆ. ಆ ಜಾಗವನ್ನು ಅಮೆರಿಕದ ವಿಳಾಸದಿಂದ ತುಂಬುತ್ತಿರುವುದು ಅವುಗಳ ಕೊರತೆಯಲ್ಲ, ಕಾಪಿ ಮಾಡುವ ನಮ್ಮ ಕೈಗಳ ಅವಸರ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರ ಕೈಯಲ್ಲೇ ಇಂಥ ಫೈಲುಗಳಿವೆ. ನಾಳೆ ಒಮ್ಮೆ ತೆರೆಯಿರಿ. ಟೈಮ್‌ಜೋನ್‌ನ ಸಾಲಿನ ಹತ್ತಿರವೇ ಭಾಷೆಯ ಸಾಲು ಇರುತ್ತದೆ. ಪರದೆ ಇಂಗ್ಲಿಷೇ ಇರಲಿ, ಅಮೆರಿಕದ ಬದಲು ಭಾರತದ ಇಂಗ್ಲಿಷ್ ಹಾಕಿ, ಕಾಗದ ಎ4 ಆಗುತ್ತದೆ, ದಿನಾಂಕ ನೆಟ್ಟಗಾಗುತ್ತದೆ. ಜೊತೆಗಿನ ಲೊಕೇಲ್‌ಗಳಲ್ಲಿ ಕನ್ನಡ ಸೇರಿಸಿ. ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಹೊಸ ಬಳಕೆದಾರರು ಮೊದಲ ಸಲ ಲಾಗಿನ್ ಆದಾಗ ಯಾವ ಭಾಷೆ ಅಂತ ಒಂದು ಪರದೆ ಕೇಳುತ್ತದೆ. ಆದರೆ ಅದು ತೋರಿಸುವ ಪಟ್ಟಿಯಲ್ಲಿ ಸಿಸ್ಟಮ್‌ನಲ್ಲಿ ಇರುವ ಲೊಕೇಲ್‌ಗಳಷ್ಟೇ ಇರುತ್ತವೆ. ನೀವು ಸೇರಿಸಿದ್ದರೆ ಆ ಪಟ್ಟಿಯಲ್ಲಿ ಕನ್ನಡ ಇರುತ್ತದೆ. ಆರಿಸುವುದು ಬಿಡುವುದು ಕೂತವರ ಇಷ್ಟ. ಕೊನೆಗೆ ಫೈಲಿನ ತಲೆಯ ಮೇಲೆ ಒಂದು ಕಮೆಂಟ್ ಬರೆಯಿರಿ: ಯಾರು, ಯಾವಾಗ, ಯಾವ ಯಾವ ಮಷಿನ್‌ಗಾಗಿ ಈ ಉತ್ತರಗಳನ್ನು ಕೊಟ್ಟರು ಅಂತ. ಮುಂದೆ ಕಾಪಿ ಮಾಡುವವನು ಅದನ್ನಾದರೂ ಓದುತ್ತಾನೆ.